ದೇವರ ಪರವಾಗಿ ಸುಳ್ಳು ಹೇಳಬಹುದಾ?

 

ನಾಲ್ಕು ತಿಂಗಳಾದ ಮೇಲೆ ಈ ಜಾಗದಲ್ಲಿ ನಿಂತಿದ್ದೀನಿ. ಸ್ವಲ್ಪ ನಿಧಾನವಾಗಿ ಮಾತಾಡ್ತೀನಿ, ಮಧ್ಯೆ ಕೂತ್ಕೊಂಡ್ರೂ ಕೂತ್ಕೊಂಡೆ, ಸಹಿಸ್ಕೊಳ್ಳಿ. ಮೊದಲಿನ ಹಾಗೆ ಕೂಗಿ ಬೋಧಿಸೋಕೆ ಇನ್ನೂ ಉಸಿರು ಸಾಲದು. ಸೌಂಡ್ ನೋಡ್ಕೊಳ್ಳೋ ತಮ್ಮನಿಗೆ ಇದರಿಂದ ಸಂತೋಷವೇ ಆಗಿರಬೇಕು.

ಹೋದ ವಾರ ಯೂತ್ ಟೀಮ್‌ನವರು ಈ ದಿನದ ಆರಾಧನೆಗೆ ಒಂದು ಪೋಸ್ಟರ್ ಮಾಡಿ ನನಗೆ ವಾಟ್ಸಾಪ್‌ನಲ್ಲಿ ಕಳಿಸಿದರು. ಹಿಂದೆ ಕಪ್ಪು ಮೋಡ, ಅದರ ಮೇಲೆ ಇಸಿಜಿ ಗೆರೆ, ಮಧ್ಯೆ ನನ್ನ ಫೋಟೋ. ಹತ್ತು ವರ್ಷ ಹಳೇ ಫೋಟೋ, ಆಗ ಕೂದಲು ಕಪ್ಪಗಿತ್ತು. ಮೇಲೆ ದೊಡ್ಡ ಅಕ್ಷರದಲ್ಲಿ, "ಡಾಕ್ಟರ್‌ಗಳು ಕೈಬಿಟ್ಟರು, ಯೇಸು ಕೈಹಿಡಿದರು" ಅಂತ ಇತ್ತು. ಪ್ರೀತಿಯಿಂದ ಮಾಡಿದ್ದು, ನನಗೆ ಗೊತ್ತು. ನಾನು ಐಸಿಯುನಲ್ಲಿ ಇದ್ದಾಗಲೇ ಆ ಮಾತು ನಮ್ಮ ಸಭೆಯ ಗ್ರೂಪ್‌ನಲ್ಲಿ ಶುರುವಾಗಿ ಎಲ್ಲೆಲ್ಲಿಗೋ ಫಾರ್ವರ್ಡ್ ಆಗಿತ್ತಂತೆ. ಆದರೆ ಡಾಕ್ಟರ್‌ಗಳು ನನ್ನನ್ನು ಕೈಬಿಟ್ಟಿರಲಿಲ್ಲ. ಐದು ಗಂಟೆ ಹೊತ್ತು ನನ್ನ ಹೃದಯವನ್ನು ನಿಜವಾಗಿಯೂ ಕೈಯಲ್ಲಿ ಹಿಡ್ಕೊಂಡು ನಿಂತಿದ್ದರು.

ಫೋನ್ ಮಾಡಿ, "ಮಗಾ, ಆ ಸಾಲು ತೆಗೆದುಬಿಡು" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಸ್ಟರ್, ಮಹಿಮೆಯೆಲ್ಲಾ ದೇವರಿಗೇ ಹೋಗ್ಲಿ ಅಂತ ಹಾಕಿದ್ದು. ಅದರಲ್ಲಿ ತಪ್ಪೇನಿದೆ?" ಅಂತ ಕೇಳಿದ. ಆ ಹೊತ್ತಿಗೆ ನನಗೆ ಉತ್ತರ ಬರಲಿಲ್ಲ. ಯಾಕಂದ್ರೆ ಆ ಪಾಠವನ್ನು ಅವನಿಗೆ ಕಲಿಸಿದವನು ನಾನೇ.

ಯೋಬನ ಗ್ರಂಥ 13ನೇ ಅಧ್ಯಾಯ 7ನೇ ವಚನ ಮನೆಗೆ ಹೋಗಿ ಓದಿ. ಮೈತುಂಬ ಹುಣ್ಣು, ಮಕ್ಕಳು ಸತ್ತಿದ್ದಾರೆ, ಎದುರಿಗೆ ಕೂತ ಗೆಳೆಯರು ದೇವರ ಪಕ್ಷ ವಹಿಸಿ ಭಾಷಣ ಮಾಡ್ತಿದ್ದಾರೆ. ಯೋಬ ಅವರಿಗೆ ಕೇಳ್ತಾನೆ: ದೇವರಿಗೋಸ್ಕರ ಅನ್ಯಾಯದ ಮಾತು ಆಡ್ತೀರಾ, ಆತನ ಪರವಾಗಿ ಮೋಸ ಮಾತಾಡ್ತೀರಾ ಅಂತ. ಆ ಗೆಳೆಯರು ನಾಸ್ತಿಕರಲ್ಲ, ಭಕ್ತರು. ದೇವರ ಮರ್ಯಾದೆ ಉಳಿಸೋದೇ ಅವರ ಉದ್ದೇಶ. 42ನೇ ಅಧ್ಯಾಯದಲ್ಲಿ ಕರ್ತನೇ ಬಂದು ಏನಂದನು? ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಅಂದನು. ಗೋಳಾಡಿದವನು, ಜಗಳವಾಡಿದವನು ಸರಿಯಾಗಿ ಮಾತಾಡಿದನಂತೆ. ಇಪ್ಪತ್ತಾರು ವರ್ಷ ಸೇವೆ ಮಾಡಿದ್ದೀನಿ, ಆ ವಚನದ ಮೇಲೆ ಒಂದು ಸಲವೂ ಪ್ರಸಂಗ ಮಾಡಿರಲಿಲ್ಲ.

ಹಾಗಾದರೆ ನಾನು ಹೇಗೆ ಮಾತಾಡಿದ್ದೆ? ಇಲ್ಲಿ ಹಳಬರಿಗೆ ನೆನಪಿರಬಹುದು. ಒಬ್ಬ ತಾಯಿ ಶುಗರ್ ಮಾತ್ರೆ ಬಿಟ್ಟು ವಿಶ್ವಾಸದಲ್ಲಿ ನಿಂತಿದ್ದಾರೆ ಅಂತ ನಾನು ಇದೇ ಪೀಠದಿಂದ ಸಾಕ್ಷಿ ಹೇಳಿದ್ದೆ. ನೀವೆಲ್ಲಾ ಚಪ್ಪಾಳೆ ತಟ್ಟಿದ್ರಿ. ಮುಂದಿನ ವರ್ಷ ಅವರ ಕಾಲಿನ ಗಾಯ ವಾಸಿಯಾಗದೆ ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಗೆ ಹೋಗಿ ಪ್ರಾರ್ಥನೆ ಮಾಡಿದೆ, ಬಿಲ್ಲಿಗೆ ಸಹಾಯವನ್ನೂ ಮಾಡಿದೆ. ಆದರೆ ಆ ಅರ್ಧ ಕಥೆಯನ್ನು ಈ ಪೀಠದಿಂದ ಯಾವತ್ತೂ ಹೇಳಲಿಲ್ಲ. ಇವತ್ತು ಹೇಳ್ತಿದ್ದೀನಿ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೀನಿ. "ಬಿಡಿ ಪಾಸ್ಟರೇ, ನಾನೇ ಬಿಟ್ಟಿದ್ದು" ಅಂದ್ರು. ಅವರು ಹಾಗೆ ಅಂದಿದ್ದು ಅವರ ದೊಡ್ಡತನ. ನನ್ನ ಭಾರ ಅದರಿಂದ ಕಡಿಮೆಯಾಗಲಿಲ್ಲ.

ಅದೇ ಪ್ರಸಂಗದಲ್ಲಿ ಆಸ ಅರಸನನ್ನೂ ಎಳೆದು ತಂದಿದ್ದೆ. 2 ಪೂರ್ವಕಾಲವೃತ್ತಾಂತ 16ರಲ್ಲಿ ಅವನಿಗೆ ಕಾಲಿನ ರೋಗ ಬಂದಾಗ ಕರ್ತನನ್ನು ಬಿಟ್ಟು ವೈದ್ಯರನ್ನು ಹುಡುಕಿದ ಅಂತ ಇದೆಯಲ್ಲಾ, ಅದು. ಆಸ್ಪತ್ರೆ ಮಂಚದ ಮೇಲೆ ಮಲಗಿ ಆ ಅಧ್ಯಾಯವನ್ನು ಮೊದಲಿಂದ ಓದಿದೆ. ಆಸನು ದೇವಾಲಯದ ಬೆಳ್ಳಿಬಂಗಾರ ತೆಗೆದು ಅರಾಮಿನ ಅರಸನಿಗೆ ಕೊಟ್ಟು ಸಹಾಯ ಕೊಂಡುಕೊಂಡಿದ್ದ. ತಪ್ಪು ತೋರಿಸಿದ ದರ್ಶಿಯನ್ನು ಸೆರೆಮನೆಗೆ ಹಾಕಿದ್ದ. ಸತ್ಯ ಕೇಳೋಕೆ ಇಷ್ಟವಿಲ್ಲದ ಮನುಷ್ಯ ಅವನು. ಅವನ ಕಾಯಿಲೆಗೂ ಮುಂಚೆ ಅವನ ಹೃದಯ ಕರ್ತನಿಂದ ದೂರ ಹೋಗಿತ್ತು. ಹಿಜ್ಕೀಯನಿಗೆ ದೇವರು 15 ವರ್ಷ ಆಯುಷ್ಯ ಕೂಡಿಸ್ತೀನಿ ಅಂತ ಮಾತು ಕೊಟ್ಟ ಮೇಲೂ ಯೆಶಾಯ ಪ್ರವಾದಿ ಹುಣ್ಣಿನ ಮೇಲೆ ಅಂಜೂರದ ಮುದ್ದೆ ಕಟ್ಟಿಸಿದ. ವಾಗ್ದಾನವೂ ಇತ್ತು, ಮುಲಾಮೂ ಇತ್ತು. ನಾನು ಎರಡರಲ್ಲಿ ಒಂದನ್ನು ಬಿಟ್ಟು ಬೋಧಿಸಿದ್ದೆ.

ಈಗ ನನ್ನ ವಿಷಯ. ಮೂರು ತಿಂಗಳಿಂದ ಈ ಹಾಲ್‌ನ ಮೆಟ್ಟಿಲು ಹತ್ತುವಾಗ ದವಡೆ ಹಿಡ್ಕೊಂಡ ಹಾಗೆ ಆಗ್ತಿತ್ತು, ಬೆನ್ನಿನ ಮಧ್ಯೆ ನೋವು ಬರ್ತಿತ್ತು. ನಿಂತರೆ ಹೋಗ್ತಿತ್ತು. ಗ್ಯಾಸ್ ಅಂತ ಹೇಳ್ಕೊಂಡು ಸೋಡಾ ಕುಡಿದೆ. ಹೆಂಡತಿಗೂ ಹೇಳಲಿಲ್ಲ. ಸ್ವಸ್ಥತೆಯ ಕೂಟ ನಡೆಸೋ ಪಾಸ್ಟರಿಗೆ ಹೃದಯದ ಕಾಯಿಲೆ ಅಂದ್ರೆ ಜನ ಏನಂದುಕೊಳ್ತಾರೆ? ಇದು ವಿಶ್ವಾಸ ಅಲ್ಲ ಸ್ನೇಹಿತರೇ, ಇದು ಮಾನದ ಪ್ರಶ್ನೆ ಆಗಿತ್ತು. ಒಂದು ಶುಕ್ರವಾರ ಕೀಬೋರ್ಡ್ ಎತ್ಕೊಂಡು ಮೇಲೆ ಬರುವಾಗ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಬೆವರು ಹರಿದು ಹೋಗ್ತಿತ್ತು. ಮರುದಿನ ಆಂಜಿಯೋಗ್ರಾಮ್. ಮಣಿಕಟ್ಟಿನಿಂದ ತೆಳ್ಳಗಿನ ಟ್ಯೂಬ್ ಬಿಟ್ಟು, ಬಣ್ಣ ಹಾಕಿ, ಸ್ಕ್ರೀನಿನಲ್ಲಿ ತೋರಿಸಿದರು. ಮೂರು ಮುಖ್ಯ ರಕ್ತನಾಳಗಳೂ ಕಟ್ಟಿಕೊಂಡಿದ್ದವು. "ಸ್ಟಂಟ್ ಹಾಕೋ ಸ್ಥಿತಿ ಅಲ್ಲ ಸರ್, ಬೈಪಾಸ್ ಮಾಡೋಣ. ಸರಿಯಾದ ಟೈಮಿಗೆ ಬಂದಿದ್ದೀರಿ, ಚೆನ್ನಾಗಿ ಆಗ್ತೀರಿ" ಅಂದ್ರು ಡಾಕ್ಟರ್. ಕೈಬಿಟ್ಟ ಡಾಕ್ಟರ್‌ಗಳು ಆಡಿದ ಮಾತು ಇದು.

ಏನು ಮಾಡ್ತಾರೆ ಅಂತ ನಿಮಗೆ ಹೇಳಬೇಕು, ಯಾಕಂದ್ರೆ ಸಾಕ್ಷಿ ಹೇಳುವಾಗ ನಾವು ಇದನ್ನೆಲ್ಲಾ ಹಾರಿಸಿಬಿಡ್ತೀವಿ. ಎದೆಯ ಮಧ್ಯದ ಮೂಳೆಯನ್ನು ಉದ್ದಕ್ಕೆ ಸೀಳ್ತಾರೆ. ಎದೆಯ ಒಳಗೋಡೆಯಿಂದ ಒಂದು ರಕ್ತನಾಳ, ಕಾಲಿನಿಂದ ಉದ್ದದ ಒಂದು ನಾಳ ತೆಗೀತಾರೆ. ನನ್ನ ವಿಷಯದಲ್ಲಿ ಹೃದಯವನ್ನು ನಿಲ್ಲಿಸಿದರು. ಪೊಟ್ಯಾಸಿಯಂ ಇರೋ ದ್ರಾವಣ ಕೊಟ್ಟರೆ ಅದು ನಿಲ್ಲುತ್ತೆ. ಆಗ ಪಕ್ಕದಲ್ಲಿರೋ ಯಂತ್ರವೇ ಹೃದಯ, ಯಂತ್ರವೇ ಶ್ವಾಸಕೋಶ. ಕಟ್ಟಿಕೊಂಡ ಜಾಗ ದಾಟಿಸಿ ಹೊಸ ದಾರಿ ಹೊಲಿದು, ಮತ್ತೆ ಹೃದಯ ಬಡಿಸಿ, ಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗೀತಾರೆ. ಆ ತಂತಿ ಈಗಲೂ ಒಳಗಿದೆ. ಆ ಯಂತ್ರಕ್ಕಾಗಿ ಜಾನ್ ಗಿಬ್ಬನ್ ಅನ್ನೋ ಅಮೆರಿಕದ ಸರ್ಜನ್ ತಮ್ಮ ಹೆಂಡತಿಯ ಜೊತೆ ಸೇರಿ ಸುಮಾರು 20 ವರ್ಷ ದುಡಿದರು. 1953ರಲ್ಲಿ 18 ವರ್ಷದ ಒಬ್ಬ ಹುಡುಗಿಯ ಮೇಲೆ ಮೊದಲ ಸಲ ಯಶಸ್ವಿಯಾಯಿತು. ಅವರ ಮುಂದಿನ ರೋಗಿಗಳು ಉಳಿಯಲಿಲ್ಲ. ಆದರೂ ಕೆಲಸ ಬೇರೆಯವರ ಕೈಯಲ್ಲಿ ಮುಂದುವರಿಯಿತು. ನಾನು ಹುಟ್ಟೋಕ್ಕೂ ಮುಂಚಿನ ಆ 20 ವರ್ಷದ ಶ್ರಮವನ್ನು ನನ್ನ ಸಾಕ್ಷಿಯಿಂದ ತೆಗೆದರೆ ದೇವರಿಗೆ ಏನು ಲಾಭ?

ರಕ್ತದ ವಿಷಯವೂ ಹಾಗೇ. ನಿಮ್ಮಲ್ಲಿ ನಾಲ್ಕು ಜನ ಬಂದು ರಕ್ತ ಕೊಟ್ರಿ. ನನ್ನೊಳಗೆ ನಮ್ಮ ಯೂತ್‌ನವರ ರಕ್ತ ಓಡ್ತಿದೆ ಅಂತ ಖುಷಿಪಟ್ಟಿದ್ದೆ. ಬ್ಲಡ್ ಬ್ಯಾಂಕಿನ ಅಕ್ಕ ನಕ್ಕು, "ಇಲ್ಲ ಸರ್, ಅವರದು ಸ್ಟಾಕಿಗೆ ಹೋಯ್ತು, ನಿಮಗೆ ಕೊಟ್ಟಿದ್ದು ಬೇರೆ ಯಾರದ್ದೋ" ಅಂದ್ರು. ಯಾರದ್ದೋ! ಯಾವ ಜಾತಿ, ಯಾವ ಮತ, ಯಾವ ಬೀದಿ, ಗೊತ್ತಿಲ್ಲ. ನನಗಾಗಿ ಸುರಿದ ರಕ್ತ ಅಂತ ಪ್ರತಿ ಕರ್ತನ ಭೋಜನದಲ್ಲಿ ಹೇಳೋ ಬಾಯಿ ನನ್ನದು. ಹೆಸರೇ ಗೊತ್ತಿಲ್ಲದ ಒಬ್ಬರ ರಕ್ತಕ್ಕೆ ಥ್ಯಾಂಕ್ಸ್ ಹೇಳೋದು ಹೇಗೆ ಅಂತ ಮೊದಲ ಸಲ ಯೋಚಿಸಿದೆ.

ಇಷ್ಟು ಸುಲಭದ ಭಾಗ. ಈಗ ಕಷ್ಟದ್ದು.

ಆಪರೇಷನ್ ಹಿಂದಿನ ರಾತ್ರಿ ಪಕ್ಕದ ಬೆಡ್‌ನಲ್ಲಿ ಕೋಲಾರದ ಕಡೆಯ ಒಬ್ಬ ಸಹೋದರರಿದ್ದರು. ವೆಲ್ಡಿಂಗ್ ಕೆಲಸ. ಅವರೂ ವಿಶ್ವಾಸಿ. ಅವರದೂ ಬೈಪಾಸ್, ಅವರಿಗೂ ಮರುದಿನವೇ. ಇಬ್ಬರಿಗೂ ಎದೆ ಕಾಲು ಬೋಳಿಸಿದ್ದರು. ಒಬ್ಬರನ್ನೊಬ್ಬರು ನೋಡಿ, ಕೋಳಿಗಳ ಹಾಗಿದ್ದೀವಿ ಅಂತ ನಕ್ಕೆವು. ಅವರ ಸಭೆಯವರು ಮೂರು ದಿನ ಉಪವಾಸವಿದ್ದರು. ನೀವೂ ಇದ್ರಿ. ಅವರ ಹೆಂಡತಿ ಬಾಗಿಲ ಹತ್ತಿರ ಮೊಣಕಾಲೂರಿದ್ದರು. ನನ್ನ ಹೆಂಡತಿಯೂ ಅಲ್ಲೇ ಇದ್ದಳು. ಒಂದೇ ಪ್ರಾರ್ಥನೆ, ಒಂದೇ ನಾಮ. ಮರುದಿನ ನಾನು ಆಚೆ ಬಂದೆ. ಅವರು ಬರಲಿಲ್ಲ.

ಐದನೇ ದಿನ ಆ ಸಹೋದರಿ ಸಾಮಾನು ತಗೊಂಡು ಹೋಗೋಕೆ ವಾರ್ಡಿಗೆ ಬಂದರು. ಒಂದು ಸ್ಟೀಲ್ ಲೋಟ, ಹೊದಿಕೆ, ಬೈಬಲ್. ನನ್ನ ಮಂಚದ ಹತ್ತಿರ ನಿಂತು, "ನೀವು ಉಳ್ಕೊಂಡ್ರಲ್ಲಾ ಅಣ್ಣಾ, ಸ್ತೋತ್ರ" ಅಂದರು. ಅದರಲ್ಲಿ ಒಂಚೂರೂ ಕಹಿ ಇರಲಿಲ್ಲ. ನಾನು ಬಾಯಿ ತೆರೆದೆ, ಪ್ರಾರ್ಥನೆ ಬರಲಿಲ್ಲ. ಇಪ್ಪತ್ತಾರು ವರ್ಷ ಎಷ್ಟೋ ಸಾವಿನ ಮನೆಗಳಲ್ಲಿ ಸುಲಭವಾಗಿ ಬಂದಿದ್ದ ಮಾತು. ಕೊನೆಗೆ ಅವರೇ ನನ್ನ ತಲೆ ಮೇಲೆ ಕೈಯಿಟ್ಟು ನನಗಾಗಿ ಪ್ರಾರ್ಥಿಸಿ ಹೋದರು.

ಈಗ ಹೇಳಿ. ನಾನು ಇಲ್ಲಿ ನಿಂತು, ನನ್ನ ವಿಶ್ವಾಸ ನನ್ನನ್ನು ಉಳಿಸಿತು ಅಂದ್ರೆ, ಅವರ ವಿಶ್ವಾಸಕ್ಕೆ ಏನು ಕಡಿಮೆಯಿತ್ತು ಅಂತ ಹೇಳಿದ ಹಾಗಾಗುತ್ತೆ? ಆ ಸಹೋದರಿ ಈ ಸಾಲಿನಲ್ಲಿ ಕೂತಿದ್ದರೆ ಪೋಸ್ಟರಿನ ಮಾತನ್ನು ಅವರ ಮುಖ ನೋಡಿ ಹೇಳೋಕೆ ಆಗುತ್ತಾ? ನನಗೆ ಆಗಲ್ಲ. ಕೇಳುವವರಲ್ಲಿ ಒಬ್ಬರ ಮುಖ ನೋಡದೇ ಇದ್ದರೆ ಮಾತ್ರ ಹೇಳಬಹುದಾದ ಸಾಕ್ಷಿಯಲ್ಲಿ ಎಲ್ಲೋ ಸುಳ್ಳು ಸೇರಿಕೊಂಡಿದೆ.

ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ. ಪೇತ್ರನ ಬಿಡುಗಡೆ ನಿಮಗೆಲ್ಲಾ ಗೊತ್ತು. ದೂತ, ಕಳಚಿಬಿದ್ದ ಸರಪಣಿ, ತಾನಾಗಿ ತೆರೆದ ಕಬ್ಬಿಣದ ಬಾಗಿಲು. ನಾನು ಕಡಿಮೆ ಅಂದ್ರೂ ಮೂವತ್ತು ಸಲ ಬೋಧಿಸಿದ್ದೀನಿ. ಅದೇ ಅಧ್ಯಾಯದ 2ನೇ ವಚನ? ಯೋಹಾನನ ಅಣ್ಣ ಯಾಕೋಬನನ್ನು ಹೆರೋದನು ಕತ್ತಿಯಿಂದ ಕೊಲ್ಲಿಸಿದ. ಅಷ್ಟೇ, ಒಂದೇ ಸಾಲು. ಅವನೂ ಹನ್ನೆರಡು ಮಂದಿಯಲ್ಲಿ ಒಬ್ಬ. ರೂಪಾಂತರದ ಬೆಟ್ಟಕ್ಕೆ ಪೇತ್ರನ ಜೊತೆ ಹೋಗಿದ್ದವನು. ಯಾಕೆ ಒಬ್ಬನಿಗೆ ದೂತ, ಒಬ್ಬನಿಗೆ ಕತ್ತಿ? ಲೂಕ ಕಾರಣ ಕೊಡಲ್ಲ. ಆದರೆ ಒಂದನ್ನು ಬರೆದು ಇನ್ನೊಂದನ್ನು ಬಿಡಲೂ ಇಲ್ಲ. ಅವನು ವೈದ್ಯ, ಎಷ್ಟು ಮಂದಿ ಬದುಕಿದ್ದನ್ನು, ಎಷ್ಟು ಮಂದಿ ಸತ್ತಿದ್ದನ್ನು ಕಣ್ಣಾರೆ ಕಂಡಿದ್ದನೋ. ಆ ರಾತ್ರಿ ಪೇತ್ರ ಬಂದು ತಟ್ಟಿದ ಮನೆಯಲ್ಲಿ ಯಾಕೋಬನ ತಾಯಿ ಕೂಡ ಪ್ರಾರ್ಥನೆಗೆ ಕೂತಿದ್ದರೆ? ಗ್ರಂಥದಲ್ಲಿ ಇಲ್ಲ, ಇದು ನನ್ನ ಯೋಚನೆ. ಪೇತ್ರ ಮಾಡಿದ್ದು ಇಷ್ಟು: ಕೈಸನ್ನೆಯಿಂದ ಸುಮ್ಮನಿರಿ ಅಂದ, ಕರ್ತನು ತನ್ನನ್ನು ಹೇಗೆ ಹೊರಗೆ ತಂದನು ಅಂತ ವಿವರಿಸಿದ, ಹೊರಟುಹೋದ. ಆಗಿದ್ದನ್ನು ಹೇಳಿದ, ಯಾಕೆ ಅಂತ ಹೇಳಲಿಲ್ಲ.

ಕೆಲವರು ಕೇಳಬಹುದು: ಪಾಸ್ಟರ್, ಹಾಗಾದರೆ ದೇವರು ನಿಮ್ಮನ್ನು ಉಳಿಸಲಿಲ್ವಾ? ಉಳಿಸಿದನು. ನೂರು ಸಲ ಹೇಳ್ತೀನಿ, ಆಮೆನ್. ಎಪಫ್ರೊದೀತ ಸಾಯೋ ಸ್ಥಿತಿಗೆ ಹೋಗಿದ್ದ, ದೇವರು ಅವನನ್ನು ಕರುಣಿಸಿದನು ಅಂತ ಪೌಲ ಫಿಲಿಪ್ಪಿಯವರಿಗೆ ಬರೀತಾನೆ. ಕರುಣೆ ಅಂತಾನೆ, ಗೆಲುವು ಅನ್ನಲ್ಲ. ಅದೇ ಪೌಲ ಇನ್ನೊಂದು ಪತ್ರದಲ್ಲಿ, ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೆದಿದ್ದಾನೆ. ಎಫೆಸದಲ್ಲಿ ಇವನ ಮೈ ಮೇಲಿನ ಕರವಸ್ತ್ರ ತಗೊಂಡು ಹೋದರೂ ರೋಗ ವಾಸಿಯಾಗ್ತಿತ್ತು. ಆ ಮನುಷ್ಯನಿಗೆ ತ್ರೊಫಿಮನ ಸಾಲನ್ನು ಬರೆಯೋಕೆ ನಾಚಿಕೆಯಾಗಲಿಲ್ಲ. ಇವತ್ತು ನಾನು ಸ್ವಸ್ಥತೆಯ ಕೂಟ ನಿಲ್ಲಿಸಲ್ಲ. ಕೈಯಿಟ್ಟು ಪ್ರಾರ್ಥಿಸ್ತೀನಿ, ದೇವರು ಮಾಡ್ತಾನೆ ಅಂತ ನಂಬಿಯೇ ಪ್ರಾರ್ಥಿಸ್ತೀನಿ. ಮಾತ್ರೆ ಬಿಡಿ ಅಂತ ಮಾತ್ರ ಯಾರಿಗೂ ಹೇಳಲ್ಲ, ಯಾರಾದರೂ ಬಿಟ್ಟರೆ ಅದನ್ನು ಸಾಕ್ಷಿ ಅಂತ ಕರೆಯಲ್ಲ.

ಮನೆಗೆ ಬಂದ ಮೇಲಿನ ದಿನಗಳ ಬಗ್ಗೆಯೂ ಯಾರೂ ಸಾಕ್ಷಿ ಹೇಳಲ್ಲ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿಯಬೇಕು. ಪಕ್ಕಕ್ಕೆ ಮಲಗೋ ಹಾಗಿಲ್ಲ. ಮೂರು ಚೆಂಡಿರೋ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಸಿರೆಳೆದು ಚೆಂಡು ಮೇಲೆತ್ತಬೇಕು. ಮೊದಲ ವಾರ ಒಂದೇ ಚೆಂಡು, ಅದೂ ಅರ್ಧಕ್ಕೆ. ಸುಮ್ಮಸುಮ್ಮನೆ ಅಳು ಬರ್ತಿತ್ತು. ಟೀವಿಯಲ್ಲಿ ಜಾಹೀರಾತು ನೋಡಿ ಅತ್ತಿದ್ದೀನಿ. ಬೈಬಲ್ ಓದಿದರೆ ಅಕ್ಷರ ಮಾತ್ರ ಕಾಣ್ತಿತ್ತು. ಬೈಪಾಸ್ ಆದ ಅನೇಕರಿಗೆ ಹೀಗೆ ಮನಸ್ಸು ಕುಗ್ಗುತ್ತೆ ಅಂತ ಡಾಕ್ಟರ್ ಹೇಳದೇ ಇದ್ದಿದ್ದರೆ, ಆತ್ಮಿಕವಾಗಿ ಬಿದ್ದುಹೋದೆ ಅಂತಲೇ ಅಂದುಕೊಳ್ತಿದ್ದೆ. ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೂತ ಪ್ರಸಂಗ ಮಾಡಲಿಲ್ಲ, ರೊಟ್ಟಿ ಮತ್ತು ನೀರು ಕೊಟ್ಟ, ಮತ್ತೆ ಮಲಗೋಕೆ ಬಿಟ್ಟ. ನಮ್ಮ ಮನೆಯಲ್ಲಿ ಆ ಕೆಲಸವನ್ನು ನನ್ನ ಅತ್ತೆ ರಾಗಿ ಗಂಜಿ ಹಿಡ್ಕೊಂಡು ಮಾಡಿದರು.

ಮೂಳೆ ಕೂಡೋ ತನಕ ಎರಡೂ ಕೈ ಮೇಲೆತ್ತಬಾರದು ಅಂದಿದ್ದರು. ಮೊದಲ ಸಲ ಆರಾಧನೆಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತಾಗ ವೇದಿಕೆಯಿಂದ, "ಎಲ್ಲರೂ ಕೈಯೆತ್ತಿ ಸ್ತುತಿಸಿ, ಎತ್ತದೇ ಇರೋರು ಯಾರು?" ಅಂತ ಕೂಗು ಬಂತು. ಆ ಡೈಲಾಗ್ ನನ್ನದೇ. ಕೈ ತೊಡೆ ಮೇಲಿಟ್ಕೊಂಡು ಕೂತಿದ್ದೆ. ಅಲ್ಲಿ ಇನ್ನೂ ಮೂವರು ಕೈಯೆತ್ತದೆ ಕೂತಿದ್ದರು. ಇಷ್ಟು ವರ್ಷ ಅವರನ್ನು ವೇದಿಕೆಯಿಂದ ನೋಡಿ, ಆತ್ಮದಲ್ಲಿ ತಣ್ಣಗಾಗಿದ್ದಾರೆ ಅಂದುಕೊಳ್ತಿದ್ದೆ. ಅವತ್ತು ಅವರ ಪಕ್ಕದಲ್ಲಿ ಕೂತು ಮಾತಾಡಿದೆ. ಅವರು ಹೇಳಿದ್ದನ್ನು ಇಲ್ಲಿ ಹೇಳೋ ಹಕ್ಕು ನನಗಿಲ್ಲ.

ಇವತ್ತಿನ ಈ ಮಾತಿಗೂ ಮುಂಚೆ ಕೋಲಾರದ ಆ ಸಹೋದರಿಗೆ ಫೋನ್ ಮಾಡಿದ್ದೆ. ನಿಮ್ಮ ಯಜಮಾನರ ವಿಷಯ ಸಭೆಯಲ್ಲಿ ಹೇಳಲಾ ಅಂತ ಕೇಳಿದೆ. "ಹೇಳಿ ಅಣ್ಣಾ. ಸತ್ತರು ಅಂತ ಮಾತ್ರ ಹೇಳ್ಬೇಡಿ. ಚೆನ್ನಾಗಿ ಹಾಡ್ತಿದ್ರು, ಅದೂ ಹೇಳಿ" ಅಂದ್ರು. ಹೌದು, ಹಾಡ್ತಿದ್ದರು. ಆ ರಾತ್ರಿ ನರ್ಸ್ ಬಂದು ಲೈಟ್ ಆರಿಸಿದ ಮೇಲೂ ಮೆಲ್ಲಗೆ ಹಾಡ್ತಾ ಇದ್ದರು, ವಾರ್ಡಿನಲ್ಲಿ ಯಾರೂ ನಿಲ್ಲಿಸಿ ಅನ್ನಲಿಲ್ಲ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ನಿಲ್ಲೋಕೆ ಆಗದವರು ಕೂತೇ ಇರಿ.