ಬೇರೆಯವರ ಪ್ರಾಜೆಕ್ಟು ಬರೆದುಕೊಟ್ಟವನು

ಕಳೆದ ತಿಂಗಳು ಒಂದು ಭಾನುವಾರ ತಂಗಿಯ ಮಗ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಇಲ್ಲೇ ಪುಣೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ರೊಟ್ಟಿ ಎಣ್ಣೆಗಾಯಿ ಉಂಡು, ತಾಟು ತೊಳೆದಿಟ್ಟು ಬಂದು ನನ್ನೆದುರು ಕೂತ.

"ಮಾಮಾ, ಒಂದು ಮಾತು ಕೇಳೋದಿತ್ರಿ."

ಅವನ ಮುಂದೆ ಎರಡು ಕೆಲಸಗಳಿದ್ದವು. ಒಂದು, ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಂಜೆ ಹೊತ್ತು ಕೂತು ಮೊದಲ ವರ್ಷದವರಿಗೆ ಪ್ರೋಗ್ರಾಮಿಂಗ್‌ನಲ್ಲಿ ನೆರವಾಗುವುದು. ಗಂಟೆಗೆ ಐವತ್ತು ರೂಪಾಯಿ. ಇನ್ನೊಂದು, ಕಾಲೇಜಿನ ಹೊರಗಿನ ಒಂದು ಪ್ರಾಜೆಕ್ಟ್ ಅಂಗಡಿಗೆ ಕೋಡ್ ಬರೆದುಕೊಡುವುದು. ಕೊನೇ ವರ್ಷದ ಹುಡುಗರು ಅಲ್ಲಿಂದ ಪ್ರಾಜೆಕ್ಟು ಕೊಂಡು ತಮ್ಮ ಹೆಸರು ಹಾಕಿ ಸಲ್ಲಿಸುತ್ತಾರೆ. ಒಂದಕ್ಕೆ ಎಂಟು ಸಾವಿರ.

"ಎರಡರಾಗೂ ಬ್ಯಾರೆಯವ್ರಿಗೆ ಸಹಾಯ ಮಾಡೋದೇ ಐತಿ. ಎರಡನೇದರಾಗ ತಪ್ಪೇನೈತ್ರಿ? ನಾ ಬರೀಲಿಲ್ಲಂದ್ರ ಮತ್ತೊಬ್ಬ ಬರೀತಾನ. ಯಾರೂ ಬರೀಲಿಲ್ಲಂದ್ರ ಎಐ ಬರೀತೈತಿ."

ಮಾಮನಾದವನು ತಕ್ಷಣ "ಬ್ಯಾಡಪ್ಪಾ, ಅದು ತಪ್ಪು" ಎನ್ನಬೇಕಿತ್ತು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. "ಮುಂದಿನ ವಾರ ಮಾತಾಡೋಣು" ಎಂದೆ.

ಕಾರಣ ಇಷ್ಟೇ. 2003ರಲ್ಲಿ ನಾನು ಅದೇ ಕೆಲಸ ಮಾಡಿದ್ದೆ. ಆಗ ಎಂ.ಟೆಕ್. ಮೊದಲ ವರ್ಷ. ಗೇಟ್ ಪರೀಕ್ಷೆ ಪಾಸಾಗಿ ಬಂದವರಿಗೆ ತಿಂಗಳಿಗೆ ಐದು ಸಾವಿರ ರೂಪಾಯಿ ಸ್ಟೈಪೆಂಡ್; ಈಗ ಅದು 12,400. ಆ ದುಡ್ಡಿಗೆ ಪ್ರತಿಯಾಗಿ ವಾರಕ್ಕೆ ಎಂಟು ಗಂಟೆ ಬಿ.ಇ. ಹುಡುಗರ ಲ್ಯಾಬಿನಲ್ಲಿ ಟೀಚಿಂಗ್ ಅಸಿಸ್ಟೆಂಟ್ ಆಗಿ ನಿಲ್ಲಬೇಕು. ಅಲ್ಲಿ ಪರಿಚಯವಾದ ಕೊನೇ ವರ್ಷದ ಹುಡುಗನೊಬ್ಬ ಒಂದು ಸಂಜೆ ಕ್ಯಾಂಟೀನಿನಲ್ಲಿ ಮೆಲ್ಲಗೆ ಕೇಳಿದ. ನಾನು ಒಪ್ಪಿದೆ. ಹದಿನಾಲ್ಕು ರಾತ್ರಿ ಕೂತು ಅವನ ಇಡೀ ಪ್ರಾಜೆಕ್ಟು ಬರೆದುಕೊಟ್ಟೆ. ನಾಲ್ಕು ಸಾವಿರ ಸಿಕ್ಕಿತು. ಮರುದಿನವೇ ಅದನ್ನು ಊರಿಗೆ ಮನಿಯಾರ್ಡರ್ ಮಾಡಿದೆ. ತಂಗಿಯ ಡಿ.ಎಡ್. ಫೀ ತುಂಬುವ ಕೊನೇ ದಿನ ಹತ್ತಿರ ಬಂದಿತ್ತು.

ಆ ತಂಗಿಯ ಮಗನೇ ಈಗ ನನ್ನೆದುರು ಕೂತು ತಪ್ಪೇನು ಎಂದು ಕೇಳಿದವನು.

ವಾರವಿಡೀ ಯೋಚಿಸಿದೆ. ಮೊದಲು ಅವನ ಪರವಾಗಿಯೇ ವಾದ ಹೂಡಿ ನೋಡಿದೆ. ನನ್ನ ಈಗಿನ ನೌಕರಿಯನ್ನೇ ತೆಗೆದುಕೊಳ್ಳಿ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಹತ್ತು ವರ್ಷದಿಂದ ನಾನು ಕೋಡ್ ಬರೆದೇ ಇಲ್ಲ. ಮೂವತ್ತು ಜನ ಬರೆದದ್ದನ್ನು ಒಟ್ಟು ಮಾಡಿ, ಗ್ರಾಹಕರ ಮುಂದೆ "ನಾವು ಮಾಡಿದ್ದೇವೆ" ಎನ್ನುತ್ತೇನೆ. ಗ್ರಾಹಕ ಅದನ್ನು ತನ್ನ ಹೆಸರಿನಲ್ಲಿ ಮಾರುತ್ತಾನೆ. ಯಾರೂ ಇದನ್ನು ಮೋಸ ಎನ್ನುವುದಿಲ್ಲ. ಬೇರೆಯವರಿಗೆ ಕೋಡ್ ಬರೆದುಕೊಡುವುದೇ ನಮ್ಮ ಇಡೀ ಉದ್ಯಮ. ಹಾಗಿದ್ದ ಮೇಲೆ ಕಾಲೇಜಿನ ಗೇಟು ದಾಟಿದ ಕೂಡಲೇ ಅದೇ ಕೆಲಸ ಪಾಪ ಆಗುವುದು ಹೇಗೆ?

ಇದಕ್ಕೆ ಉತ್ತರ ಹುಡುಕುವಾಗ ನೆನಪಾದದ್ದು ನಮ್ಮೂರಿನ ಗರಡಿಮನೆ. ಅಲ್ಲಿ ಒಬ್ಬ ಸಾಹುಕಾರರ ಮಗ ಕೂಲಿಯವನಿಗೆ ದುಡ್ಡು ಕೊಟ್ಟು ತನ್ನ ಪಾಲಿನ ಬೈಠಕ್ ಹೊಡೆಸಿದ ಅಂದುಕೊಳ್ಳಿ. ಬೈಠಕ್ಕಿನ ಲೆಕ್ಕ ಸರಿಯಾಗಿಯೇ ಇರುತ್ತದೆ, ಗಟ್ಟಿಯಾಗುವುದು ಮಾತ್ರ ಕೂಲಿಯವನ ತೊಡೆ. ಆಫೀಸಿನಲ್ಲಿ ಗ್ರಾಹಕನಿಗೆ ಬೇಕಾದದ್ದು ಕೋಡ್. ಅದು ಯಾರ ಕೈಯಿಂದ ಬಂದರೂ ಅವನಿಗೆ ಸಮ. ಕಾಲೇಜಿಗೆ ಆ ಕೋಡ್ ಬೇಕಾಗಿಲ್ಲ. ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬ ಪ್ರಾಜೆಕ್ಟನ್ನು ಈ ದೇಶದಲ್ಲಿ ಎಷ್ಟು ಸಾವಿರ ಸಲ ಬರೆದಿದ್ದಾರೋ ಲೆಕ್ಕವಿಲ್ಲ. ಒಂದರಿಂದಲೂ ಯಾವ ಲೈಬ್ರರಿಯೂ ನಡೆಯುತ್ತಿರಲಿಕ್ಕಿಲ್ಲ. ಅಲ್ಲಿ ತಯಾರಾಗಬೇಕಾದ ವಸ್ತು ಹುಡುಗನೇ. ಅಂಕಪಟ್ಟಿ ಎಂದರೆ ಅವನು ತಯಾರಾಗಿದ್ದಾನೆ ಎಂದು ಕಾಲೇಜು, ಎದುರಿಗಿಲ್ಲದ ಮೂರನೆಯವನೊಬ್ಬನಿಗೆ ಹೇಳುವ ಸಾಕ್ಷಿ.

ಹಾಗಾದರೆ ಪ್ರಾಜೆಕ್ಟ್ ಅಂಗಡಿಯಲ್ಲಿ ಮಾರಾಟವಾಗುವುದು ಸುಳ್ಳು ಸಾಕ್ಷಿ. ನಾಲ್ಕು ಸಾವಿರಕ್ಕೆ ನಾನು ಮಾರಿದ್ದೂ ಅದನ್ನೇ.

ಇದನ್ನು ಹಿಡಿಯುವ ಉಪಾಯವಿಲ್ಲವೇ ಎಂದು ನೀವು ಕೇಳಬಹುದು. ಪ್ರೋಗ್ರಾಮುಗಳ ನಕಲು ಹಿಡಿಯಲು ಅಲೆಕ್ಸ್ ಐಕನ್ 1994ರಲ್ಲಿ ರೂಪಿಸಿದ 'ಮಾಸ್' ಎಂಬ ತಂತ್ರಾಂಶವಿದೆ. ಹೆಸರುಗಳನ್ನು ಬದಲಿಸಿ ಸಾಲುಗಳನ್ನು ಹಿಂದೆ ಮುಂದೆ ಮಾಡಿದರೂ ಎರಡು ಪ್ರೋಗ್ರಾಮುಗಳ ಹೋಲಿಕೆಯನ್ನು ಅದು ತೋರಿಸುತ್ತದೆ. ಆದರೆ ಹೋಲಿಸಲು ಎರಡಿರಬೇಕು. ಹದಿನಾಲ್ಕು ರಾತ್ರಿ ಕೂತು ಹೊಸದಾಗಿ ಬರೆದುಕೊಟ್ಟದ್ದಕ್ಕೆ ಜೋಡಿಯೇ ಇರುವುದಿಲ್ಲ. ಇನ್ನು ಕಾನೂನು. ಯುಜಿಸಿ 2018ರಲ್ಲಿ ಕೃತಿಚೌರ್ಯದ ನಿಯಮ ತಂದಿತು. ಶೇ. 10ರವರೆಗಿನ ಹೋಲಿಕೆಗೆ ಶಿಕ್ಷೆ ಇಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ಅದು ಪ್ರಬಂಧ, ಮಹಾಪ್ರಬಂಧಗಳಿಗೆ ಅನ್ವಯ. ಅಸೈನ್‌ಮೆಂಟು, ಪ್ರಾಜೆಕ್ಟ್ ವರದಿಗಳನ್ನು ಆ ನಿಯಮದ ವ್ಯಾಖ್ಯೆಯೇ ಹೊರಗಿಟ್ಟಿದೆ. ಯಂತ್ರಕ್ಕೂ ಸಿಗದೆ, ನಿಯಮಕ್ಕೂ ಸಿಗದೆ ಉಳಿಯುವ ಈ ಜಾಗದಲ್ಲಿ ಒಬ್ಬನ ಮನಸ್ಸು ಏನು ಹೇಳುತ್ತದೋ ಅಷ್ಟೇ ತಡೆ.

ಇಲ್ಲಿಗೆ ಮುಗಿಸಿದ್ದರೆ ಸುಲಭದ ಉಪದೇಶವಾಗುತ್ತಿತ್ತು. ಆದರೆ ನನ್ನ ವಾದದಲ್ಲಿ ಒಂದು ತೂತಿತ್ತು. ವಿಶ್ವವಿದ್ಯಾಲಯಗಳಲ್ಲೇ ಬೇರೆಯವರಿಗಾಗಿ ಕೋಡ್ ಬರೆಯುವ ಜನರಿದ್ದಾರೆ. ಪ್ರಾಧ್ಯಾಪಕರ ಸಂಶೋಧನೆಗೆ ಬೇಕಾದ ಪ್ರೋಗ್ರಾಮನ್ನು ಪ್ರಾಜೆಕ್ಟ್ ಅಸಿಸ್ಟೆಂಟ್ ಬರೆಯುತ್ತಾನೆ. ಲೇಖನದಲ್ಲಿ ಅವನ ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಂಥವರಿಗೆ ಒಂದು ಹುದ್ದೆಯ ಹೆಸರೂ ಇಲ್ಲವಲ್ಲ ಎಂದು ಬ್ರಿಟನ್ನಿನಲ್ಲಿ ಕೆಲವರು 2012ರಲ್ಲಿ ಸೇರಿ 'ರಿಸರ್ಚ್ ಸಾಫ್ಟ್‌ವೇರ್ ಇಂಜಿನಿಯರ್' ಎಂಬ ಹೆಸರಿಟ್ಟುಕೊಂಡರು. ನಮ್ಮಲ್ಲಿ ಐಐಟಿ ಬಾಂಬೆಯ ಫಾಸ್ಸೀ ಯೋಜನೆಯಲ್ಲಿ ವಿದ್ಯಾರ್ಥಿಗಳು ಪಠ್ಯಪುಸ್ತಕಗಳ ಬಿಡಿಸಿದ ಲೆಕ್ಕಗಳಿಗೆ ಸೈಲ್ಯಾಬ್‌ನಲ್ಲಿ ಕೋಡ್ ಬರೆದು ಗೌರವಧನ ಪಡೆಯುತ್ತಾರೆ. ಆ ಕೋಡ್ ಅವರವರ ಹೆಸರಿನಲ್ಲೇ ಎಲ್ಲರಿಗೂ ಸಿಗುತ್ತದೆ.

ಅಂದರೆ ಬೇರೆಯವರಿಗಾಗಿ ಬರೆಯುವುದಾಗಲಿ, ಅದಕ್ಕೆ ದುಡ್ಡು ಪಡೆಯುವುದಾಗಲಿ ತಪ್ಪಲ್ಲ. ತಪ್ಪು ಇರುವುದು ಮುಚ್ಚಿಡುವುದರಲ್ಲಿ. ಕೊನೆಗೆ ನನಗೆ ಹೊಳೆದ ಪರೀಕ್ಷೆ ಇಷ್ಟು ಸರಳ: ಮುಖಪುಟದ ಮೇಲೆ ಇಬ್ಬರ ಹೆಸರನ್ನೂ ಬರೆಯಬಹುದೇ? ಲ್ಯಾಬಿನ ಸಹಾಯಕನ ಹೆಸರನ್ನು ಧಾರಾಳವಾಗಿ ಬರೆಯಬಹುದು. ಆಫೀಸಿನ ಕೆಲಸದಲ್ಲೂ ಯಾರು ಬರೆದರೆಂದು ಗ್ರಾಹಕನಿಗೆ ಗೊತ್ತು. ಪ್ರಾಜೆಕ್ಟ್ ಅಂಗಡಿಯ ಹೆಸರನ್ನು ಬರೆದರೆ ಆ ವ್ಯಾಪಾರ ಅವತ್ತೇ ಮುಚ್ಚುತ್ತದೆ.

ಇನ್ನೊಂದು ಘಟನೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಹೊಸಬರ ಸಂದರ್ಶನಕ್ಕೆ ಕೂತಿದ್ದೆ. ಒಬ್ಬ ಹುಡುಗನ ಪ್ರಾಜೆಕ್ಟು ಅಚ್ಚುಕಟ್ಟಾಗಿತ್ತು. ಅದರಲ್ಲೇ ಇದ್ದ ಒಂದು ಸಣ್ಣ ಲೂಪ್ ತೋರಿಸಿ, ಇದು ಎಷ್ಟು ಸಲ ತಿರುಗುತ್ತದೆ ಎಂದು ಕೇಳಿದೆ. ಅವನ ಹಣೆಯಲ್ಲಿ ಬೆವರು. ನಾನು ಹತ್ತೇ ನಿಮಿಷದಲ್ಲಿ, ಸ್ವಲ್ಪ ತಾತ್ಸಾರದಿಂದಲೇ, ಹೊರಗೆ ಕಳಿಸಿದೆ. ಮನೆಗೆ ಬರುವಾಗ ಟ್ರಾಫಿಕ್ಕಿನಲ್ಲಿ ಕೂತು ಲೆಕ್ಕ ಹಾಕಿದೆ. ಆ ಹುಡುಗ ಕಾಲೇಜಿಗೆ ಫೀ ಕೊಟ್ಟ, ಅಂಗಡಿಗೆ ದುಡ್ಡು ಕೊಟ್ಟ, ಕೊನೆಗೆ ಬರಿಗೈಯಲ್ಲಿ ಎದ್ದುಹೋದ. ಬರೆದುಕೊಟ್ಟವನು ಮಾತ್ರ ಇನ್ನಷ್ಟು ಕಲಿತ. ಹದಿನಾಲ್ಕು ರಾತ್ರಿಗಳಲ್ಲಿ ನಾನು ಕಲಿತದ್ದು ನನಗೆ ಇವತ್ತಿಗೂ ಅನ್ನ ಹಾಕುತ್ತಿದೆ. ಆ ಕಲಿಕೆ ಸೇರಬೇಕಾಗಿದ್ದದ್ದು ಅವನಿಗೆ.

ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಒಬ್ಬ ಹಿರಿಯ ಸಿಸ್ಟಮ್ ಅಡ್ಮಿನ್ ಇದ್ದರು. ಯಾರು ಕರೆದರೂ ಬಂದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಕೀಬೋರ್ಡ್ ಮುಟ್ಟುತ್ತಿರಲಿಲ್ಲ. "ಪರದೆ ಮೇಲೆ ಏನು ಬಂದಿದೆ, ಜೋರಾಗಿ ಓದು" ಎನ್ನುತ್ತಿದ್ದರು. ಓದುತ್ತ ಓದುತ್ತ ತಪ್ಪು ನಮಗೇ ಕಾಣುತ್ತಿತ್ತು. ನಾವು ಅವರನ್ನು ಸೋಮಾರಿ ಎಂದು ನಗುತ್ತಿದ್ದೆವು. ಎರಡು ನಿಮಿಷದಲ್ಲಿ ತಾವೇ ಸರಿಮಾಡಬಲ್ಲದ್ದನ್ನು ಇಪ್ಪತ್ತು ನಿಮಿಷ ನಿಂತು ನೋಡುವುದಕ್ಕೆ ಎಷ್ಟು ತಾಳ್ಮೆ ಬೇಕು ಎಂದು ತಿಳಿದದ್ದು ನಾನು ತಂಡ ನಡೆಸತೊಡಗಿದ ಮೇಲೆ. ಅವರ ಬೀಳ್ಕೊಡುಗೆಗೆ ಹತ್ತು ಜನ ಸೇರಿದ್ದರೆ ಹೆಚ್ಚು. ಒಬ್ಬನನ್ನು ಸಮರ್ಥನನ್ನಾಗಿ ಮಾಡುವ ಕೆಲಸಕ್ಕೆ ಗಂಟೆಗೆ ಐವತ್ತು, ಅವನನ್ನು ಅಸಮರ್ಥನಾಗಿಯೇ ಉಳಿಸುವ ಕೆಲಸಕ್ಕೆ ಎಂಟು ಸಾವಿರ. ಈ ದರಪಟ್ಟಿ ಅಳಿಯನು ಬರೆದದ್ದಲ್ಲ. ನಾವೆಲ್ಲ ಸೇರಿ ಬರೆದದ್ದು. ಇಂಥ ಪಟ್ಟಿಯನ್ನು ಬಡ ಹುಡುಗನ ಕೈಗೆ ಕೊಟ್ಟು, ನೀತಿಯ ಭಾರವನ್ನೂ ಅವನ ಹೆಗಲಿಗೇ ಹೊರಿಸುತ್ತೇವೆ.

ಶನಿವಾರ ರಾತ್ರಿ ತಂಗಿಗೆ ಫೋನ್ ಮಾಡಿ ನಾಲ್ಕು ಸಾವಿರದ ಕಥೆ ಹೇಳಿದೆ. ಆ ಡಿ.ಎಡ್.ನಿಂದಲೇ ಅವಳಿಗೆ ಸರಕಾರಿ ಶಾಲೆಯ ನೌಕರಿ ಸಿಕ್ಕಿದ್ದು. ಇಷ್ಟು ವರ್ಷದಲ್ಲಿ ಎಷ್ಟೋ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದಾಳೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ರೊಕ್ಕ ಎಲ್ಲಿಂದ ಬಂತಂತ ನಾ ಅವತ್ತ ಕೇಳಬೇಕಿತ್ತಣ್ಣಾ. ಕೇಳಿದ್ರ ಫೀ ತುಂಬಾಕ ಆಗತಿದ್ದಿಲ್ಲ, ಅದಕ್ಕ ಕೇಳಲಿಲ್ಲ."

ಒಳ್ಳೆಯದಕ್ಕೆ ಖರ್ಚಾಯಿತೆಂದು ಆ ದುಡ್ಡು ಶುದ್ಧವಾಯಿತೇ? ಇಲ್ಲವೆಂದೇ ನನಗೆ ಅನಿಸುತ್ತದೆ. ಅದೇ ಸ್ಥಿತಿ ಮತ್ತೆ ಬಂದರೆ ಮಾಡುತ್ತಿರಲಿಲ್ಲವೇ ಎಂದರೆ, ಹಾಗೆಂದು ಪ್ರಮಾಣ ಮಾಡುವ ಧೈರ್ಯವೂ ನನಗಿಲ್ಲ. ತಂಗಿಯ ಫೀ ತುಂಬಿದ್ದು ಸರಿ, ಆ ಹುಡುಗನ ಕಲಿಕೆ ಕಸಿದದ್ದು ತಪ್ಪು. ಒಂದನ್ನು ಇನ್ನೊಂದರಿಂದ ಕಳೆದು ಸೊನ್ನೆ ಮಾಡಲಾಗದು. ಎರಡು ಸಾಲುಗಳೂ ನನ್ನ ಲೆಕ್ಕದ ಪುಸ್ತಕದಲ್ಲಿ ಬೇರೆಬೇರೆಯಾಗಿಯೇ ಇರಬೇಕು.

ಭಾನುವಾರ ಅಳಿಯನಿಗೆ ಇದೆಲ್ಲವನ್ನೂ ಹೇಳಿದೆ. ವ್ಯತ್ಯಾಸದ ದುಡ್ಡು ನಾನು ಕೊಡುತ್ತೇನೆ ಎಂದಾಗ ಮಾತ್ರ ಅವನ ಮುಖ ಗಂಟಿಕ್ಕಿತು. "ಅದು ವಾರಾನ್ನ ಆಗತೈತ್ರಿ ಮಾಮಾ" ಎಂದ. ತಪ್ಪಲ್ಲ. ಇದೇ ಮಹಾರಾಷ್ಟ್ರದಲ್ಲಿ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರೂ ಬಡ ಹುಡುಗರು ದುಡಿದು ಕಲಿಯಲಿ ಎಂದೇ ಬಯಸಿದವರು. ಪುಣೆ ವಿಶ್ವವಿದ್ಯಾಲಯದ 'ದುಡಿ, ಕಲಿ' ಯೋಜನೆ ಈಗಲೂ ಅವರ ಹೆಸರಿನಲ್ಲಿದೆ. ಅವರ ಪೂರ್ವಜರು ನಮ್ಮ ಮೂಡುಬಿದಿರೆ ಕಡೆಯವರು. ಕೊನೆಗೆ ಸಾಲವೆಂದು ಬರೆದಿಟ್ಟುಕೊಳ್ಳುವ ಕರಾರಿಗೆ ಅವನು ಒಪ್ಪಿದ.

ಈಗ ಲ್ಯಾಬಿಗೆ ಹೋಗುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ ಅಂದ: "ಕೈ ಕಟ್ಟಿಕೊಂಡು ನಿಂದ್ರೋದು ಭಾಳ ಕಷ್ಟ ಐತ್ರಿ ಮಾಮಾ. ಕೋಡ್ ಬರೆಯೋದ ಹಗೂರ." ಅಂಗಡಿಯವನು ಇನ್ನೂ ಫೋನ್ ಮಾಡುತ್ತಾನಂತೆ. ಈಗ ಒಂಬತ್ತು ಸಾವಿರ ಹೇಳಿದ್ದಾನಂತೆ.