ಕೈಗೆ ಒಗ್ಗಿದ ಓರೆ

ನಮ್ಮ ಜೀಪು ಎಡಕ್ಕೆ ಎಳೆಯುತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದರೆ ಹೇಳಲಾರೆ, ಏಕೆಂದರೆ ನನಗದು ಗೊತ್ತಾಗುವುದೇ ನಿಂತುಹೋಗಿತ್ತು. ಸ್ಟೇರಿಂಗನ್ನು ತುಸು ಬಲಕ್ಕೆ ಹಿಡಿದೇ ಓಡಿಸುವುದು ಕೈಗೆ ರೂಢಿಯಾಗಿತ್ತು. ನನ್ನ ಮಟ್ಟಿಗೆ ಗಾಡಿ ನೆಟ್ಟಗೇ ಹೋಗುತ್ತಿತ್ತು.

ಮಣ್ಣೂರ ಅಫಜಲಪುರ ತಾಲ್ಲೂಕಿನಲ್ಲಿ ಭೀಮೆಯ ದಂಡೆಗಿರುವ ಊರು. ಹೊಲವೆಲ್ಲ ಯರಿ ಮಣ್ಣು. ಒಂದು ಮಳೆ ಬಿದ್ದರೆ ಸಾಕು, ಗಾಲಿಗೆ ಮೆತ್ತಿಕೊಂಡು ಗಾಡಿಯನ್ನು ನಿಂತಲ್ಲೇ ಹಿಡಿಯುತ್ತದೆ. 2020ರ ಅಕ್ಟೋಬರಿನಲ್ಲಿ ಮಳೆಯೂ ಮೇಲಿನ ಉಜನಿ ಜಲಾಶಯದ ನೀರೂ ಕೂಡಿ ಬಂದು ಭೀಮೆ ದಂಡೆ ಮೀರಿದಾಗ, ನಮ್ಮ ಹಳೆಯ ಮಹೀಂದ್ರಾ ಜೀಪು ಅರ್ಧ ದಾರಿಯಲ್ಲಿ ನೀರು ಕುಡಿದು ನಿಂತಿತು. ನೀರು ಇಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಅದನ್ನು ಮೂರು ಇಂಚು ಎತ್ತರಿಸಿದ್ದು. ಉದ್ದನೆಯ ಶ್ಯಾಕಲ್, ಒಂದು ಪಟ್ಟಿ ಹೆಚ್ಚು, ದೊಡ್ಡ ಟಯರು. (1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥದ್ದಕ್ಕೆ ಅಡ್ಡ ಬರುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೂ ಗಟ್ಟಿಯಾಗಿ ಹೇಳಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಬಿಡುತ್ತಿದ್ದೆನೇ? ಅನುಮಾನ.)

ಕೆಲಸ ಮಾಡಿಕೊಟ್ಟ ಮಿಸ್ತ್ರಿ ಅವತ್ತೇ ಹೇಳಿದ್ದ. “ಸರ, ಎತ್ತರ ಮಾಡೋದು ಅರ್ಧಾ ಕೆಲಸರಿ. ಮುಂದಿನ ಗಾಲಿ ಹೊಸದಾಗಿ ಕೂಡಿಸಬೇಕು. ಬಲಗಡೆ ಕಿಂಗ್‌ಪಿನ್‌ದಾಗ ಆಟ ಅದ. ಬೇರಿಂಗ್ ಹಾಕಲಾರದೆ ಅಲೈನ್‌ಮೆಂಟ್ ಮಾಡಿದ್ರ ಕಾಗದದ ಮ್ಯಾಲಷ್ಟೇ ಬರೋಬರಿ ಬರ್ತದ.” ತೊಗರಿ ರಾಶಿ ಮುಗಿಯಲಿ ಎಂದೆ. ರಾಶಿ ಮುಗಿಯಿತು. ಅಷ್ಟರಲ್ಲಿ ನನ್ನ ಕೈ ಕಲಿತುಬಿಟ್ಟಿತ್ತು.

ಅವನು ಹೇಳಿದ್ದರ ಅರ್ಥ ನನಗೆ ಪೂರ್ತಿ ಹೊಳೆದದ್ದು ತಡವಾಗಿ. ಮುಂದಿನ ಗಾಲಿ ತಿರುಗುವ ಅಕ್ಷ ನೆಟ್ಟಗಿರುವುದಿಲ್ಲ, ಅದರ ಮೇಲ್ತುದಿ ತುಸು ಹಿಂದಕ್ಕೆ ಬಾಗಿರುತ್ತದೆ. ಇದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ತಿರುವು ಮುಗಿದು ಕೈ ಸಡಿಲಿಸಿದಾಗ ಸ್ಟೇರಿಂಗು ತಾನಾಗಿ ನಡುವಿಗೆ ಬರುವುದು ಈ ಬಾಗಿನಿಂದ. ಶ್ಯಾಕಲ್ ಬದಲಿಸಿದರೆ ಆಕ್ಸಲ್ಲೇ ಒಂದಿಷ್ಟು ಹೊರಳುತ್ತದೆ. ನಮ್ಮ ಜೀಪಿನಲ್ಲಿ ಹಾಗೆ ಹೊರಳಿ ಬಾಗು ಕಡಿಮೆಯಾಗಿತ್ತು. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಸರಳು ಕಡಿದಾಗಿ ಇಳಿಬಿದ್ದಿತ್ತು, ಹೀಗಾಗಿ ತಗ್ಗಿಗೆ ಬಿದ್ದಾಗೆಲ್ಲ ಗಾಲಿ ತಾನೇ ಹೊರಳುತ್ತಿತ್ತು. ಇದರ ಮೇಲೆ ಸವೆದ ಬೇರಿಂಗು. ಬಲಗಾಲಿಯ ತಲೆ ಒಳಕ್ಕೆ ವಾಲಿ ಇಡೀ ಗಾಡಿಯನ್ನು ಎಡಕ್ಕೆ ನೂಕುತ್ತಿತ್ತು. ನೆಲದಿಂದ ಮೂರಿಂಚು ಮೇಲೇಳುವುದಕ್ಕೆ ನಾನು ಬೆಲೆ ಕೊಟ್ಟಿದ್ದೆ, ಅದರಿಂದ ಬದಲಾದ ಕೋನಗಳಿಗೆ ಕೊಟ್ಟಿರಲಿಲ್ಲ.

ಒಂದು ಹುಣ್ಣಿಮೆಗೆ ಅಣ್ಣನ ಮಗ ಜೀಪು ಒಯ್ದ. ನೆಂಟರು ಯಲ್ಲಮ್ಮನ ಗುಡಿಗೆ ಬಂದಿದ್ದರು, ಅವರನ್ನು ಅಫಜಲಪುರಕ್ಕೆ ಬಿಡಬೇಕಿತ್ತು. ನಾನೇ ಚಾವಿ ಕೊಟ್ಟೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತೆಂದು ಅವನು ಎಡಕ್ಕೆ ಸರಿದಿದ್ದಾನೆ, ಎಡಗಾಲಿ ಡಾಂಬರಿನಿಂದ ಇಳಿದಿದೆ, ಸ್ಟೇರಿಂಗು ಮರಳಿ ಬರಲಿಲ್ಲ. ಜೀಪು ಜಾಲಿಕಂಟಿಗೆ ಹೋಗಿ ನಿಂತಿತು. ಹಿಂದೆ ಕುಳಿತಿದ್ದ ಮುದುಕಿಯೊಬ್ಬಳ ಮುಂಗೈ ಮುರಿಯಿತು. “ಹುಡುಗರು, ಜೋರು ಹೊಡಿತಾವ” ಎಂದರು ಊರಲ್ಲಿ. ನಾನೂ ಅಲ್ಲೇ ಇದ್ದೆ. ಸುಮ್ಮನಿದ್ದೆ.

ನನ್ನನ್ನು ಕಾಡಿದ ಪ್ರಶ್ನೆ ಅಲ್ಲಿಂದ ಶುರುವಾದದ್ದು. ಅಷ್ಟು ತಿಂಗಳು ಅದೇ ಗಾಡಿಯನ್ನು ಅದೇ ರಸ್ತೆಯಲ್ಲಿ ಒಂದು ಗೀರೂ ಇಲ್ಲದೆ ಓಡಿಸಿದ ನಾನು ಒಳ್ಳೆಯ ಚಾಲಕನೋ?

ಅರಿಸ್ಟಾಟಲ್ ಇಬ್ಬರನ್ನು ಬೇರೆ ಮಾಡಿ ನೋಡುತ್ತಾನೆ. ಒಬ್ಬನಿಗೆ ಕೆಟ್ಟದ್ದರ ಕಡೆ ಸೆಳೆತವಿದೆ, ಆದರೂ ತನ್ನನ್ನು ಹಿಡಿದು ಸರಿ ದಾರಿಯಲ್ಲಿ ನಡೆಸುತ್ತಾನೆ. ಇನ್ನೊಬ್ಬನಿಗೆ ಆ ಸೆಳೆತವೇ ಇಲ್ಲ. ಎರಡನೆಯವನೇ ಮೇಲು ಎಂದು ಅವನ ತೀರ್ಮಾನ. ಕಾಂಟ್ 1785ರ ತನ್ನ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದರ ಎದುರು ದಿಕ್ಕಿಗೆ ಹೋಗುತ್ತಾನೆ: ಮನಸ್ಸು ಎಳೆಯದಿದ್ದರೂ ಕರ್ತವ್ಯವೆಂದು ಮಾಡಿದ ಕೆಲಸದಲ್ಲೇ ನೀತಿಯ ಬೆಲೆ ಎದ್ದು ಕಾಣುವುದು. ನಾನು ಬಹುಕಾಲ ಕಾಂಟನ ಕಡೆಯವನು. ಎಳೆತವಿದ್ದೂ ನೆಟ್ಟಗೆ ಹೋಗುವವನೇ ದೊಡ್ಡವನು ಅನ್ನಿಸುತ್ತಿತ್ತು. ಸಿಟ್ಟಿನ ಸ್ವಭಾವದ ನಮ್ಮಪ್ಪ ಸಿಟ್ಟು ನುಂಗಿ ಮಾತಾಡುವಾಗ ಅವನ ಬಗ್ಗೆ ಮೂಡುತ್ತಿದ್ದ ಗೌರವ ಅಂಥದ್ದು.

ಆದರೆ ಇಬ್ಬರೂ ಚಾಲಕ ಒಬ್ಬನೇ ಎಂದುಕೊಂಡಂತಿದೆ. ಗಾಡಿ ಒಬ್ಬರ ಕೈಯಲ್ಲೇ ಇರುವುದಿಲ್ಲ. ಮನೆ, ಹೊಲ, ಸಾಲ, ನೆರೆಯವರೊಡನೆ ಬೆಳೆಸಿಕೊಂಡ ಜಗಳ, ಯಾವುದೂ ಇರುವುದಿಲ್ಲ. ನನ್ನ ಕೈ ದಿನಾಲೂ ತಿದ್ದುತ್ತಿತ್ತು ನಿಜ. ಹಾಗೆ ತಿದ್ದಿತಿದ್ದಿಯೇ ಅದು ದೋಷವನ್ನು ಮುಚ್ಚಿತ್ತು, ಮೊದಲು ನನ್ನಿಂದ, ಆಮೇಲೆ ಹುಡುಗನಿಂದ. ಚಾವಿ ಕೊಡುವಾಗ ನಾನು ಓರೆಯನ್ನು ಕೊಟ್ಟೆ, ಅದನ್ನು ತಡೆಯುವ ಕೈಯನ್ನು ಕೊಡಲಿಲ್ಲ. “ಬಲಕ್ಕ ಹಿಡಿ” ಎಂಬ ಒಂದು ಮಾತೂ ನೆನಪಾಗಲಿಲ್ಲ. ನೆನಪಾಗದಿದ್ದದ್ದು ನನ್ನ ತಪ್ಪಲ್ಲ ಎಂದು ವಾದಿಸಬಹುದು, ಆದರೆ ಮರೆಯುವಷ್ಟು ಒಗ್ಗಿಕೊಂಡವನು ನಾನೇ.

ಹಾಗಾದರೆ ಪೂರ್ತಿ ನೆಟ್ಟಗಿರುವ ಗಾಡಿ ಎಂಬುದಿದೆಯೇ ಎಂದು ಮಿಸ್ತ್ರಿಯನ್ನೇ ಕೇಳಿದೆ. ನಕ್ಕ. ಮಳೆನೀರು ಹರಿಯಲೆಂದು ರಸ್ತೆಯ ನಡು ಉಬ್ಬಿರುತ್ತದೆ. ನಾವು ಎಡಬದಿಗೆ ಓಡಿಸುವವರು, ಎಷ್ಟೇ ಸರಿಯಿರುವ ಗಾಡಿಯೂ ಒಂದಿಷ್ಟು ಎಡಕ್ಕೆ ಜಾರುತ್ತದೆ. ಅದು ರಸ್ತೆಯದು, ಎಲ್ಲ ಕೈಗೂ ಗೊತ್ತಿರುವಂಥದ್ದು. ಅಷ್ಟನ್ನು ಕೈಯೇ ನೋಡಿಕೊಳ್ಳಬೇಕು. ಉಳಿದದ್ದನ್ನು ಅವನು ಎರಡು ದಿನದಲ್ಲಿ ಮುಗಿಸಿದ. ಕಿಂಗ್‌ಪಿನ್ ಬೇರಿಂಗು ಹೊಸದು, ಟೈರಾಡ್ ಎಂಡ್ ಹೊಸದು, ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಬೆಣೆಯಂಥ ತುಂಡು ಕೊಟ್ಟು ಕಳೆದ ಬಾಗನ್ನು ಮರಳಿ ತಂದ. ಗಾಲಿಗಳ ಹಿಂದು ಮುಂದಿನ ಅಂತರವನ್ನು ಮಷೀನಿಗೆ ಹಾಕುವ ಮುಂಚೆ ದಾರ ಹಿಡಿದು ನೋಡಿದ. ಮೂರಿಂಚು ಇಳಿಸಲು ಮಾತ್ರ ನಾನು ಇನ್ನೂ ಮನಸ್ಸು ಮಾಡಿಲ್ಲ.

ಜೀಪು ಬಂದ ದಿನ ಹುಡುಗನನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೊರಟೆ. ಊರು ದಾಟುವುದರೊಳಗೆ ಗಾಡಿ ಮೂರು ಸಲ ರಸ್ತೆಯ ನಡುವಿಗೆ ಹೋಯಿತು. “ಕಾಕಾ, ಬಲಕ್ಕ ಯಾಕ ಹಿಡೀಲಿಕತ್ತೀರಿ?” ಎಂದ. ಆಗ ಹೇಳಿದೆ, ಮಿಸ್ತ್ರಿ ಮೊದಲೇ ಅಂದದ್ದು, ನಾನು ಮುಂದಕ್ಕೆ ಹಾಕಿದ್ದು, ಎಲ್ಲ. ಅವನು ಸ್ವಲ್ಪ ಹೊತ್ತು ಹೊರಗೆ ನೋಡುತ್ತ ಕುಳಿತ. “ಅಪ್ಪಗ ಹೇಳ್ರಿ” ಎಂದ.

ಅಣ್ಣನಿಗೆ ಹೇಳಿದೆ. ಮುದುಕಿಯ ಮನೆಗೂ ಹೋಗಿ ಬಂದೆ. ಊರಲ್ಲಿ ಮಾತ್ರ ಆ ಹುಡುಗ ಇವತ್ತಿಗೂ ಜೋರು ಹೊಡೆಯುವವನೇ.