ಇದು ಯಾವ ಕೆರೆಯ ಮೀನು?

ಯುಗಾದಿಗೆ ಊರಿಗೆ ಹೊರಟಾಗ ಈ ಸಲ ಕಾರಿನ ಡಿಕ್ಕಿಯಲ್ಲಿ ಬಟ್ಟೆಬರೆ ಜೊತೆ ಒಂದು ಥರ್ಮಾಕೋಲ್ ಡಬ್ಬಿಯೂ ಇತ್ತು. ಅದರೊಳಗೆ ಐಸು, ಐಸಿನ ಮಧ್ಯೆ ಎರಡು ಕೆ.ಜಿ. ಬಾಸಾ ಮೀನು. ಪಕ್ಕದ ಚೀಲದಲ್ಲಿ ಫಿಶ್ ಸಾಸ್, ನಿಂಬೆಹುಲ್ಲು, ಒಂದು ಡಜನ್ ನಿಂಬೆಹಣ್ಣು. ಲಾಕ್‌ಡೌನ್ ದಿನಗಳಲ್ಲಿ ಯೂಟ್ಯೂಬ್ ನೋಡಿ ಥಾಯ್ ಅಡುಗೆ ಕಲಿತವರಲ್ಲಿ ನಾನೂ ಒಬ್ಬ. ಹೊಸತೊಡಕಿನ ದಿನ ಮನೆಮಂದಿಗೆಲ್ಲ ನಾನೇ ಮೀನು ಮಾಡಿ ಬಡಿಸ್ತೀನಿ ಅಂತ ಅಮ್ಮನಿಗೆ ಫೋನಲ್ಲಿ ಹೇಳಿದ್ದೆ. ಅಮ್ಮ "ಆಯ್ತು ಬಾ" ಅಂದಿದ್ದರು. ಅವರು "ಆಯ್ತು" ಅಂದರೆ ಒಪ್ಪಿದ್ದಾರೆ ಅಂತ ಅರ್ಥ ಅಲ್ಲ ಅನ್ನೋದು ನನಗೆ ಗೊತ್ತಿರಬೇಕಿತ್ತು.

ನಮ್ಮೂರು ಮಂಡಿಕಲ್ ಹತ್ತಿರ. ಹೈದರಾಬಾದ್ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ, ಪೇರೇಸಂದ್ರದ ಬಳಿ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಮೀನಿನ ಸಾರಿಗೂ ನಾವು ಪುಲುಸು ಅಂತಲೇ ಅನ್ನೋದು. ನಾನು ಹೈಸ್ಕೂಲಲ್ಲಿ ಇದ್ದಷ್ಟೂ ಕಾಲ ಕೆರೆಯಲ್ಲಿ ಕ್ರಿಕೆಟ್ ಆಡಿದ ನೆನಪೇ ಹೆಚ್ಚು. ನಂದಿ ಬೆಟ್ಟದ ಆಸುಪಾಸಿನಲ್ಲಿ ಐದು ನದಿ ಹುಟ್ಟುತ್ತವೆ ಅಂತ ಪಾಠದಲ್ಲಿ ಓದುತ್ತಿದ್ದೆವು, ಹರಿಯೋ ನದಿ ಮಾತ್ರ ಒಂದನ್ನೂ ಕಂಡಿರಲಿಲ್ಲ. ಅಪರೂಪಕ್ಕೆ ಕೆರೆ ತುಂಬಿದ ವರ್ಷ ಬೇಸಿಗೆಯಲ್ಲಿ ನೀರು ಇಳಿದಾಗ ಊರೆಲ್ಲ ಮೀನಿನ ಹಬ್ಬ. ಹಾಗಾಗಿ ನಮಗೆ ಮೀನು ಅಂದರೆ ಮಳೆ ಬಂದಿದ್ದಕ್ಕೆ ಸಾಕ್ಷಿ.

ಹೊಸತೊಡಕಿನ ಬೆಳಗ್ಗೆ ನಾನು ಏಳುವ ಹೊತ್ತಿಗೆ ಅಮ್ಮ ಬಚ್ಚಲ ಪಕ್ಕ ಕೂತು ಬೂದಿ ಹಾಕಿ ಮೀನು ಉಜ್ಜುತ್ತಿದ್ದರು. ಎರಡು ದೊಡ್ಡ ಕಾಟ್ಲಾ. ಮೊಪೆಡ್ ಮೇಲೆ ಮೀನು ತರುವವನು ಆರು ಗಂಟೆಗೇ ಬಂದು ಹೋಗಿದ್ದ.

"ನಾನು ತಂದಿದ್ದೀನಲ್ಲ?" ಅಂದೆ.

"ಅದನ್ನೂ ಮಾಡು. ಮುಳ್ಳಿಲ್ದಿರೋ ಮೀನು ಮಕ್ಕಳಿಗೆ ಆಗುತ್ತೆ. ನಿಮ್ಮಪ್ಪ ಇದಿಲ್ದೆ ಮುದ್ದೆ ಮುಟ್ಟಲ್ಲ" ಅಂದರು.

ಸರಿ, ಒಂದೇ ಅಡುಗೆಮನೆಯಲ್ಲಿ ಎರಡು ಮೀನಿನ ಅಡುಗೆ ಶುರುವಾಯಿತು. ನಾನು ಇಡ್ಲಿ ಪಾತ್ರೆಯಲ್ಲಿ ಬಾಸಾ ಬೇಯಿಸಿ, ನಿಂಬೆರಸ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಬೇರು, ಫಿಶ್ ಸಾಸ್ ಸೇರಿಸಿ ಮೇಲೆ ಸುರಿದೆ. ಅಮ್ಮ ಮೀನಿಗೆ ಉಪ್ಪು, ಅರಿಶಿನ ಸವರಿಟ್ಟು, ಧನಿಯ, ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ನಾಲ್ಕೇ ನಾಲ್ಕು ಮೆಂತ್ಯ ರುಬ್ಬಿ, ಮಣ್ಣಿನ ಮಡಕೆಯಲ್ಲಿ ಹುಣಿಸೆ ರಸದ ಜೊತೆ ಕುದಿಸಿದರು. ತುಂಡು ಹಾಕಿದ ಮೇಲೆ ಸೌಟು ಹಾಕುವಂತಿಲ್ಲ, ಮಡಕೆಯ ಕಂಠ ಹಿಡಿದು ಅಲ್ಲಾಡಿಸಬೇಕು.

"ನಿಂದೂ ಹುಳೀನೇ, ನಂದೂ ಹುಳೀನೇ" ಅಂತ ನಕ್ಕರು. "ಕೆರೆ ಮೀನಿಗೆ ಹುಳಿ ಜಾಸ್ತಿ ಬೇಕು, ಮಣ್ಣಿನ ವಾಸನೆ ಹೋಗಬೇಕಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ನಿಂತ ನೀರಿನ ಮೀನಿಗೆ ಬರುವ ಮಣ್ಣಿನ ವಾಸನೆಗೆ ಜಿಯೋಸ್ಮಿನ್ ಅನ್ನೋ ವಸ್ತು ಕಾರಣ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಘಮವೂ ಅದೇ. ನೀರಿನ ಪಾಚಿ, ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತವೆ, ಹುಳಿ ಬಿದ್ದರೆ ಅದು ಒಡೆದುಹೋಗುತ್ತೆ. ವಿಯೆಟ್ನಾಮಿನ ಮೆಕಾಂಗ್ ನದಿ ಕಡೆಯವರು ಮೀನಿನ ಸಾರಿಗೆ ಹುಣಿಸೆಹಣ್ಣು ಹಾಕುತ್ತಾರೆ, ಥಾಯ್ ಜನ ನಿಂಬೆ ಹಿಂಡುತ್ತಾರೆ. ಹೊಳೆ, ಕೆರೆ, ಗದ್ದೆಗಳ ಮೀನು ತಿನ್ನುವ ಏಷ್ಯಾದ ಅಮ್ಮಂದಿರು ರಸಾಯನಶಾಸ್ತ್ರ ಓದದೆ ಒಂದೇ ಉತ್ತರಕ್ಕೆ ಬಂದಿದ್ದಾರೆ. ಇದನ್ನೆಲ್ಲ ಅಮ್ಮನಿಗೆ ವಿವರಿಸಿ ನಾನು ಸ್ವಲ್ಪ ಬೀಗಿದೆ ಕೂಡ. ಅಷ್ಟರಲ್ಲೇ ನಿಲ್ಲಿಸಬಹುದಿತ್ತು.

ಆದರೆ ಊಟಕ್ಕೆ ಕೂತಾಗ ನನ್ನ ಬಾಯಿಂದ ಆ ಪ್ರಶ್ನೆ ಬಂತು. "ಅಮ್ಮ, ಇದು ಯಾವ ಕೆರೆಯ ಮೀನು?"

"ಚಿಕ್ಕಬಳ್ಳಾಪುರದ ಕಡೆಯಿಂದ ತರ್ತಾನೆ ಕಣೋ. ಈಗ ಅಲ್ಲಿ ವರ್ಷವಿಡೀ ನೀರಿರುತ್ತಲ್ಲ."

ವರ್ಷವಿಡೀ ಯಾಕೆ ನೀರಿರುತ್ತೆ ಅನ್ನೋದು ನನಗೆ ಗೊತ್ತು. ಪಕ್ಕದಲ್ಲಿ ಕೂತಿದ್ದ ನನ್ನ ಐದು ವರ್ಷದ ಮಗಳ ತಟ್ಟೆಯಲ್ಲಿ ಅಮ್ಮ ಆಗತಾನೇ ಮುಳ್ಳು ಬಿಡಿಸಿ ಇಟ್ಟ ಕಾಟ್ಲಾ ತುಂಡು ಇತ್ತು. ನಾನು ಏನೂ ಮಾತಾಡದೆ ಅದನ್ನೆತ್ತಿ ನನ್ನ ತಟ್ಟೆಗೆ ಹಾಕಿಕೊಂಡು, ಅವಳಿಗೆ ಬಾಸಾ ಬಡಿಸಿದೆ. "ಖಾರ ಆಗುತ್ತೆ ಅವಳಿಗೆ" ಅಂದೆ. ಎದುರಿಗೆ ಅಣ್ಣನ ಮಗ, ಅವಳಿಗಿಂತ ಒಂದು ವರ್ಷ ದೊಡ್ಡವನು, ಅದೇ ಮೀನನ್ನು ಚಪ್ಪರಿಸಿಕೊಂಡು ತಿಂತಿದ್ದ.

ಅತ್ತಿಗೆ ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಕೇಳಿದರು, "ಖಾರನಾ, ಇಲ್ಲ ಬೇರೆ ಏನಾದ್ರೂನಾ? ನಮ್ಮ ಹುಡುಗ ತಿಂದ್ರೆ ಪರವಾಗಿಲ್ವಾ?"

ಈ ಲೇಖನ ಬರೆಯುತ್ತಿರೋದು ಆ ಪ್ರಶ್ನೆಗೆ ಅವತ್ತು ಉತ್ತರ ಕೊಡಲಾಗದೆ ಹೋದದ್ದರಿಂದ.

ವಿಷಯ ಇಷ್ಟು. ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ ಬಯಲುಸೀಮೆಯ ಕೆರೆಗಳಿಗೆ ಪಂಪ್ ಮಾಡುವ ಎರಡು ದೊಡ್ಡ ಯೋಜನೆಗಳಿವೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆ ತಲುಪಿತು. ಕೋಲಾರ ಜಿಲ್ಲೆ ಮತ್ತು ಚಿಂತಾಮಣಿ ಕಡೆ ಸೇರಿ 126 ಕೆರೆ ತುಂಬಿಸುವ ಯೋಜನೆ ಅದು. ಇನ್ನೊಂದು ಹೆಬ್ಬಾಳ-ನಾಗವಾರ ಕಣಿವೆಯದು, ಎಲ್ಲರೂ ಎಚ್.ಎನ್. ವ್ಯಾಲಿ ಅನ್ನುತ್ತಾರೆ. ದಿನಕ್ಕೆ 21 ಕೋಟಿ ಲೀಟರ್, 65 ಕೆರೆಗಳ ಗುರಿ. ಅದರ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೂ ಬಂದಿದೆ. ನನ್ನ ಫ್ಲ್ಯಾಟ್ ಇರೋದು ನಾಗವಾರದಲ್ಲಿ. ಅಂದರೆ ನಾನು ಬೆಳಗ್ಗೆ ಫ್ಲಶ್ ಮಾಡಿದ ನೀರು, ಸಿಂಕಿಗೆ ಸುರಿದ ಸೋಪು, ಅವಧಿ ಮುಗಿದ ಸಿರಪ್ಪು ಎಲ್ಲವೂ ನನಗಿಂತ ಮೊದಲೇ ಊರ ಕಡೆ ಹೊರಟಿರುತ್ತವೆ.

ಇದನ್ನು ಬರೀ ಅನ್ಯಾಯ ಅಂತ ಬರೆದರೆ ಸುಳ್ಳಾಗುತ್ತೆ. ಸಾವಿರ, ಸಾವಿರದೈನೂರು ಅಡಿ ಕೊರೆದರೂ ನೀರು ಸಿಗದ, ಸಿಕ್ಕರೆ ಫ್ಲೋರೈಡ್ ತುಂಬಿದ ನೀರು ಬರುವ ಸೀಮೆ ನಮ್ಮದು. ಕೆರೆಗೆ ನೀರು ಬಂದ ಕಡೆ ಬೋರ್‌ವೆಲ್‌ಗಳಲ್ಲಿ ನೀರು ಮೇಲೇರಿದೆ, ಬೀಳು ಬಿಟ್ಟಿದ್ದ ಹೊಲಗಳಲ್ಲಿ ಬೆಳೆ ನಿಂತಿದೆ. ಅಪ್ಪನನ್ನು ಕೇಳಿದರೆ "ಯಾವ ನೀರಾದ್ರೇನು, ನೀರು ತಾನೆ" ಅಂತಾರೆ. ಇನ್ನೊಂದು ಕಡೆ, ಈ ನೀರಿಗೆ ಆಗೋದು ಎರಡು ಹಂತದ ಶುದ್ಧೀಕರಣ. ಗಸಿ ಕೆಳಗಿಳಿಸುತ್ತಾರೆ, ಕೊಳೆಯನ್ನು ಬ್ಯಾಕ್ಟೀರಿಯಾಗಳಿಂದ ತಿನ್ನಿಸುತ್ತಾರೆ. ಸೀಸದಂಥ ಭಾರಲೋಹ, ಔಷಧಿಗಳ ಉಳಿಕೆ ತೆಗೆಯಲಿಕ್ಕೆ ಅಂತ ಮಾಡಿದ ಹಂತಗಳಲ್ಲ ಅವು. ಮೂರನೇ ಹಂತವೂ ಆಗಲಿ ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಕೇಳುತ್ತಲೇ ಇದ್ದಾರೆ. ಈ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ, ನೇರ ಬಳಕೆಗಲ್ಲ ಅಂತ ಸರ್ಕಾರ ಹೇಳುತ್ತೆ. ಮೀನಿಗೆ ಈ ಷರತ್ತು ಗೊತ್ತಿಲ್ಲ.

ಅಮ್ಮ ತಂದ ಕಾಟ್ಲಾ ಆ ನೀರಲ್ಲೇ ಬೆಳೆದದ್ದಾ? ನನಗೆ ಗೊತ್ತಿಲ್ಲ. ಅದರಲ್ಲಿ ಕೆಟ್ಟದ್ದೇನಾದರೂ ಇತ್ತಾ? ಅದೂ ಗೊತ್ತಿಲ್ಲ. ಅನುಮಾನ ಬಂತು, ಮಗಳ ತಟ್ಟೆಯಿಂದ ತೆಗೆದೆ. ಅಪ್ಪನಾಗಿ ಅದರಲ್ಲಿ ತಪ್ಪಿಲ್ಲ ಅಂತ ಈಗಲೂ ಅನ್ನಿಸುತ್ತೆ. ತಪ್ಪು ಆಮೇಲಿನದು. ನನ್ನ ಅನುಮಾನ ಒಂದು ತಟ್ಟೆಯ ಮಟ್ಟಿಗೆ ನಿಂತುಬಿಟ್ಟಿತು. ಅದು ನಿಜವಾದ ಅನುಮಾನವಾಗಿದ್ದರೆ ಎದುರಿನ ತಟ್ಟೆಗೂ ಕೈ ಹಾಕಬೇಕಿತ್ತು, ಇಲ್ಲ ಬಾಯಿಬಿಟ್ಟು ಹೇಳಬೇಕಿತ್ತು. ಹುಸಿ ಅನುಮಾನವಾಗಿದ್ದರೆ ಮಗಳಿಗೂ ತಿನ್ನಿಸಬೇಕಿತ್ತು. ನಾನು "ಖಾರ" ಅಂದೆ. ಹುಣಿಸೆಹಣ್ಣು ಮಣ್ಣಿನ ವಾಸನೆ ತೆಗೆಯುತ್ತೆ, ಸೀಸ ತೆಗೆಯಲ್ಲ. ಇಷ್ಟು ತಿಳಿದವನು ಆ ಚಾಪೆಯ ಮೇಲೆ ನಾನೊಬ್ಬನೇ ಇದ್ದೆ. ತಿಳುವಳಿಕೆಯನ್ನು ನನ್ನ ಮಗುವಿಗೆ ಮಾತ್ರ ಬಳಸಿದೆ.

ಇನ್ನೂ ಒಂದು ಮಾತಿದೆ. ನಾನು ಆ ಮೀನು ಬೇಡ ಅನ್ನಬಹುದು. ಆದರೆ ನಾಗವಾರದ ಸೂಪರ್ ಮಾರ್ಕೆಟ್ಟಿನಲ್ಲಿ ನಾನು ಕೊಳ್ಳುವ ಟೊಮೆಟೊ, ಕೊತ್ತಂಬರಿ ಸೊಪ್ಪು, ದ್ರಾಕ್ಷಿ, ಹಾಲು ಎಲ್ಲಿಂದ ಬರುತ್ತವೆ? ಬೆಂಗಳೂರಿಗೆ ತರಕಾರಿ, ಹಾಲು ಕಳಿಸುವ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮುಂದಿವೆ. ನೀರು ಆ ಕಡೆ ಹೋಗುತ್ತೆ, ಸೊಪ್ಪಾಗಿ ಈ ಕಡೆ ಬರುತ್ತೆ. ಥಾಯ್ ಮೀನಿನ ಮೇಲೆ ನಾನು ಉದುರಿಸಿದ ಕೊತ್ತಂಬರಿ ಯಾವ ಕೆರೆ ಹಿಂದಿನ ಹೊಲದ್ದು ಅಂತ ನಾನು ಕೇಳಿರಲಿಲ್ಲ.

ಹಾಗಿದ್ದರೆ ಏನು ಮಾಡಬೇಕು? ನಾನೂ ಅದೇ ಮೀನು ತಿಂದುಬಿಟ್ಟರೆ ಸರಿಹೋಗುತ್ತಾ? ನನಗೆ ಹಾಗನ್ನಿಸಲ್ಲ. ವರ್ಷಕ್ಕೆ ಮೂರು ಸಲ ಊರಿಗೆ ಹೋಗಿ ತಿನ್ನುವವನ ಒಂದು ತುಂಡು, ವಾರಕ್ಕೆರಡು ಸಲ ತಿನ್ನುವವರ ಪಾಲಿಗೆ ಸಮ ಆಗಲ್ಲ.

ಈ ಯೋಚನೆಯಲ್ಲಿ ನನಗೆ ದಾರಿ ತೋರಿಸಿದ್ದು ಕೋಲ್ಕತ್ತಾ. ಆ ಊರಿನ ಪೂರ್ವಕ್ಕೆ ಸುಮಾರು 12,500 ಹೆಕ್ಟೇರ್ ಜೌಗು ಪ್ರದೇಶ ಇದೆ, 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು. ನಗರದ ಕೊಳಚೆ ನೀರು ಅಲ್ಲಿನ ಆಳವಿಲ್ಲದ ಕೊಳಗಳಿಗೆ ಹರಿಯುತ್ತೆ. ಬಿಸಿಲು, ಪಾಚಿ, ಬ್ಯಾಕ್ಟೀರಿಯಾ ಸೇರಿ ಅದನ್ನು ತಿಳಿಗೊಳಿಸುತ್ತವೆ, ಅದರಲ್ಲಿ ರೋಹು, ಕಾಟ್ಲಾ ಬೆಳೆಯುತ್ತವೆ. ಇಂಜಿನಿಯರ್ ಧ್ರುವಜ್ಯೋತಿ ಘೋಷ್ ಇದನ್ನು ಅಧ್ಯಯನ ಮಾಡಿ, ಉಳಿಸಿಕೊಳ್ಳಲು ದಶಕಗಟ್ಟಲೆ ದುಡಿದರು. ಅಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ, ಕಾರ್ಖಾನೆಯ ನೀರು ಸೇರುವ ಆತಂಕ ಅಲ್ಲೂ ಇದೆ. ಆದರೆ ಒಂದು ವ್ಯತ್ಯಾಸ ದೊಡ್ಡದು. ಆ ಮೀನು ಕೋಲ್ಕತ್ತಾದ ಮಾರುಕಟ್ಟೆಗೇ ಹೋಗುತ್ತೆ. ನೀರು ಕಳಿಸಿದವರೇ ಮೀನು ತಿನ್ನುತ್ತಾರೆ. ಹಾಗಾಗಿ ನೀರಿಗೆ ಏನು ಬೀಳುತ್ತೆ ಅನ್ನೋದು ಅವರ ಊಟದ ಪ್ರಶ್ನೆಯೂ ಹೌದು.

ನನ್ನ ಲೆಕ್ಕ ಈಗ ಇಷ್ಟಕ್ಕೆ ಬಂದಿದೆ. ನನ್ನ ಮಗುವಿನ ತಟ್ಟೆಗೆ ಬೇಡ ಅನ್ನಿಸಿದ್ದನ್ನು ಇನ್ನೊಂದು ಮಗುವಿನ ತಟ್ಟೆಗೆ ಕಳಿಸುವ ಹಕ್ಕು ನನಗಿಲ್ಲ. ನೀರು ಕಳಿಸುತ್ತೇನೆ ಅಂತಾದರೆ ಅದು ಎಂಥ ನೀರು ಅಂತ ತಿಳಿದುಕೊಳ್ಳೋದು, ತಿಳಿದದ್ದನ್ನು ಕುಡಿಯುವವರಿಗೆ, ತಿನ್ನುವವರಿಗೆ ಹೇಳೋದು ನನ್ನ ಕೆಲಸ. ಅವರು ಬಂದು ಕೇಳಲಿ ಅಂತ ಕಾಯುವಂತಿಲ್ಲ.

ಅವತ್ತು ರಾತ್ರಿ ಅತ್ತಿಗೆಗೂ ಅಣ್ಣನಿಗೂ ಗೊತ್ತಿದ್ದಷ್ಟು ಹೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿದೆ. ಅಣ್ಣ ಸುಮ್ಮನೆ ಕೇಳಿಸಿಕೊಂಡ. "ನಮಗೇನು ಗೊತ್ತಿಲ್ಲ ಅಂದ್ಕೊಂಡ್ಯಾ? ನೀರು ಬೇಡ ಅನ್ನೋ ಸ್ಥಿತೀಲಿ ನಾವಿಲ್ಲ, ಅಷ್ಟೇ" ಅಂದ. ಅತ್ತಿಗೆ ಮಾತ್ರ "ಮಧ್ಯಾಹ್ನವೇ ಹೇಳಬಹುದಿತ್ತಲ್ಲ" ಅಂದರು. ಹೌದು, ಹೇಳಬಹುದಿತ್ತು.

ಬೆಂಗಳೂರಿಗೆ ವಾಪಸ್ ಬಂದು ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೋಡಲು ಹೋದೆ. ಒಂಬತ್ತು ವರ್ಷದಿಂದ ಅದರ ಮೇಲೆಯೇ ವಾಸವಿದ್ದೇನೆ, ಒಮ್ಮೆಯೂ ಕೆಳಗಿಳಿದು ನೋಡಿರಲಿಲ್ಲ. ಕರೆಂಟು ಉಳಿಸಲು ರಾತ್ರಿ ಹೊತ್ತು ಅದರ ಗಾಳಿಯಂತ್ರ ಆಫ್ ಮಾಡ್ತಾರೆ ಅಂತ ಅಲ್ಲಿನ ಹುಡುಗ ಹೇಳಿದ. ಸಂಘದ ಮೀಟಿಂಗಲ್ಲಿ ಇದನ್ನು ಎತ್ತಿದಾಗ ಒಬ್ಬರು, "ಸರ್, ನಮ್ಮ ನೀರು ಹೇಗೂ ದೊಡ್ಡ ಚರಂಡಿಗೆ ತಾನೆ ಹೋಗೋದು, ಏನು ವ್ಯತ್ಯಾಸ?" ಅಂದರು. ಆ ಚರಂಡಿ ಎಲ್ಲಿಗೆ ಹೋಗುತ್ತೆ ಅಂತ ಹೇಳಿದೆ. ಇಬ್ಬರು ತಮ್ಮೂರು ಶಿಡ್ಲಘಟ್ಟ ಕಡೆ ಅಂದರು. ಈಗ ಯಂತ್ರ ರಾತ್ರಿಯೂ ಓಡುತ್ತೆ, ತಿಂಗಳ ಮೇಂಟೆನೆನ್ಸ್ ಸ್ವಲ್ಪ ಜಾಸ್ತಿಯಾಗಿದೆ. ಹಳೇ ಮಾತ್ರೆ, ಸಿರಪ್ಪು ಸಿಂಕಿಗೆ ಸುರಿಯೋದನ್ನು ನಾನು ಬಿಟ್ಟಿದ್ದೇನೆ. ಇದರಿಂದ ಕೆರೆ ಶುದ್ಧವಾಗುತ್ತೆ ಅಂತ ಭ್ರಮೆಯಿಲ್ಲ. ಮೂರನೇ ಹಂತ ಬೇಕು ಅನ್ನುವವರ ದನಿಗೆ ನೀರು ಕಳಿಸುವ ಊರಿನಿಂದಲೂ ದನಿ ಸೇರಬೇಕು, ಅದು ಇನ್ನೂ ಆಗಬೇಕಾದ ಕೆಲಸ.

ಹೋದ ಭಾನುವಾರ ಅಮ್ಮ ಫೋನ್ ಮಾಡಿದ್ದರು. ಮೀನಿನವನು ಬಂದಿದ್ದನಂತೆ.

"ಯಾವ ಕೆರೇದು ಅಂತ ಕೇಳಿದೆ ಕಣೋ" ಅಂದರು.

"ಏನಂದ?"

"ಇಷ್ಟು ವರ್ಷ ಇಲ್ದಿರೋದು ಈಗ್ಯಾಕಮ್ಮ ಅಂದ. ಮುಂದಿನ ಸಲ ಹೇಳೇ ಕೊಡಬೇಕು ಅಂದೆ. ಹೊಸ ಹುಣಿಸೆಹಣ್ಣು ಬಿಡಿಸಿಟ್ಟಿದ್ದೀನಿ, ಯಾವಾಗ ಬರ್ತೀಯ?"